ಟೆಲ್ಲಿಯಾಸ್ ನಿಲ್ಲಿಸಿದ ಕಂಬ

ಬಡಗಿ ಟೆಲ್ಲಿಯಾಸ್ ಮಾಡಿಕೊಟ್ಟ ಸಾಮಾನು ಮುರಿಯುವುದಿಲ್ಲ. ನಮ್ಮ ಲಿಕೋನೆ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಅವನ ನೇಗಿಲು ಅಪ್ಪನಿಂದ ಮಗನ ಕೈಗೆ ಬಂದಿದೆ, ಮೊಮ್ಮಗನ ಕೈಗೂ ಹೋಗುತ್ತದೆ. ನನ್ನ ಮನೆಯಲ್ಲಿ ಆಲಿವ್ ಹಿಂಡುವ ತೊಲೆ ಅವನು ಕೂರಿಸಿದ್ದು. ಮೂವತ್ತು ವರ್ಷವಾಯಿತು, ಒಂದು ಸಲವೂ ಕಿರ್ರೆಂದಿಲ್ಲ. ಊರಿನವರಿಗೆ ಇದು ಹೆಮ್ಮೆಯ ವಿಷಯ. ಅವನಿಗೆ ಮಾತ್ರ ಹನ್ನೊಂದು ವರ್ಷ ಇದೇ ಶಿಕ್ಷೆಯಾಗಿತ್ತು. ಹೇಗೆ ಅಂತ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ, ನನಗೆ ಸಿಟ್ಟು ಬೇಗ ಬರುತ್ತದೆ.

ನಾನು ಫನ್ನೊ, ಅವನ ಪಕ್ಕದ ಮನೆಯವಳು. ಎರಡು ಮನೆಗಳ ನಡುವೆ ಎದೆಮಟ್ಟದ ಕಲ್ಲಿನ ಗೋಡೆ. ಆ ಗೋಡೆಯ ಮೇಲೆ ಮೊಣಕೈ ಊರಿ ಅವನ ಜೊತೆ ಆಡಿದಷ್ಟು ಮಾತನ್ನು ನನ್ನ ಗಂಡನ ಜೊತೆಗೂ ಆಡಿಲ್ಲ. ಆಡಿದ್ದು ಎಂದರೆ ನಾನು ಆಡಿದ್ದು. ಅವನು ಯಾವಾಗಲೂ ತುಟಿಯಲ್ಲಿ ನಾಲ್ಕು ಮರದ ಮೊಳೆ ಕಚ್ಚಿಕೊಂಡಿರುತ್ತಿದ್ದ. "ಹ್ಞೂಂ" ಎನ್ನುತ್ತಿದ್ದ, ಬಾಚಿ ಬೀಸುತ್ತಿದ್ದ, ಅಷ್ಟೇ.

ಎಂಟು ವರ್ಷದವನಿದ್ದಾಗ ಹೇಸರಗತ್ತೆ ಒದ್ದು ಅವನ ಎಡಗಾಲು ಗಿಡ್ಡವಾಯಿತು. ಹಾಗಾಗಿ ಗುರಾಣಿ ಹಿಡಿದು ಯುದ್ಧದ ಸಾಲಿನಲ್ಲಿ ನಿಂತವನಲ್ಲ. ನಮ್ಮ ಕಡೆ ಗಂಡಸಿಗೆ ಇದು ಸಣ್ಣ ಮಾತಲ್ಲ. ಸಭೆಯಲ್ಲಿ ಎದ್ದು ನಿಂತರೆ ಯಾರಾದರೊಬ್ಬ ಕಾಲಿನ ಕಡೆ ನೋಡಿಯೇ ನೋಡುತ್ತಾನೆ. ಅದಕ್ಕೇ ಅವನು ಸಭೆಯಲ್ಲಿ ಏಳುತ್ತಲೇ ಇರಲಿಲ್ಲ, ತನ್ನ ಜಂಬವನ್ನೆಲ್ಲ ಮರದ ಮೇಲೆ ತೋರಿಸುತ್ತಿದ್ದ. ಒಂದು ಸಲ ಕುರಿಗಳ ಧಣಿ ಅಗೇಮೋನ್ ಬಂದು, "ಅಗ್ಗದ್ದೊಂದು ನೊಗ ಮಾಡ್ಕೊಡಪ್ಪ, ಎರಡು ವರ್ಷ ಬಂದ್ರೆ ಸಾಕು" ಎಂದ.

ಟೆಲ್ಲಿಯಾಸ್ ಬಾಯಿಂದ ಮೊಳೆ ತೆಗೆದ. "ಎರಡು ವರ್ಷಕ್ಕೆ ಮುರಿಯೋ ನೊಗ ಮಾಡೋದು ನಂಗೆ ಬರಲ್ಲ. ಕಲಿತವರ ಹತ್ರ ಹೋಗು."

ಅಗೇಮೋನ್ ಮುಖ ಊದಿಸಿಕೊಂಡು ಹೋದ. ಆ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ ಆ ಪುಣ್ಯಾತ್ಮ.

ಟೆಲ್ಲಿಯಾಸನ ಹೆಂಡತಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ಮಗಳು ಕ್ಲೇನೊ, ಮಗ ಡಾಮಿಸ್, ಇಬ್ಬರನ್ನೂ ಅವನೇ ಸಾಕಿದ. ಅರ್ಧ ನಾನು ಸಾಕಿದೆ ಅನ್ನಿ, ಗೋಡೆಯ ಮೇಲಿಂದ ಊಟ ದಾಟಿಸಿ. ಕ್ಲೇನೊ ಮಹಾ ಬಾಯಿಬಡುಕಿ. "ನಿನ್ನ ಗಾಳಿ ಬಡಿದಿದೆ ಅವಳಿಗೆ" ಎನ್ನುತ್ತಿದ್ದ. ಅವಳನ್ನು ಹಳ್ಳದಾಚೆಯ ಕೆಲಿಯ ಎಂಬ ಊರಿಗೆ ಮದುವೆ ಮಾಡಿಕೊಟ್ಟ. ಗಂಡ ಜೇನು ಸಾಕುವವನು, ಒಳ್ಳೆಯವನು. ಕೆಲಿಯ ದೂರವೇನಲ್ಲ. ನಮ್ಮ ಊರಬಾಗಿಲಲ್ಲಿ ನಿಂತರೆ ಅವರ ಒಲೆಗಳ ಹೊಗೆ ಕಾಣುತ್ತದೆ. ಅವರ ಹೋರಿ ನಮ್ಮ ಹಸುಗಳಿಗೆ, ನಮ್ಮ ತೊಟ್ಟಿ ಅವರ ದ್ರಾಕ್ಷಿ ತುಳಿಯಲಿಕ್ಕೆ. ಬೆಳೆ ಕೊಡುವ ಡಿಮೀಟರ್ ದೇವಿಯ ಪೂಜೆಗೆ ಎರಡೂ ಊರಿನ ಹೆಂಗಸರು ಒಂದೇ ಗುಡಿಗೆ ಹೋಗುತ್ತಿದ್ದೆವು. ಎರಡು ದಿನಕ್ಕೊಮ್ಮೆ ಕ್ಲೇನೊ ಹಳ್ಳ ದಾಟಿ ಬಂದು, ಅಪ್ಪನ ಮನೆಯ ಕಸ ಗುಡಿಸಿ, ಅವನನ್ನೂ ನನ್ನನ್ನೂ ಚೆನ್ನಾಗಿ ಬೈದು ಹೋಗುತ್ತಿದ್ದಳು.

ಆಮೇಲೆ ಒಂದು ಚಳಿಗಾಲ ಹಳ್ಳಕ್ಕೆ ನೆರೆ ಬಂದು ಪಾತ್ರ ಬದಲಾಯಿತು. ಅಷ್ಟೇ ಆದದ್ದು. ನೀರು ನೂರು ಹೆಜ್ಜೆ ಆಚೆ ಸರಿಯಿತು, ಅವರ ಕಡೆಯಿದ್ದ ಹುಲ್ಲುಗಾವಲು ನಮ್ಮ ಕಡೆಗೆ ಬಂತು. "ಹಳ್ಳವೇ ಗಡಿ, ಹುಲ್ಲು ನಮ್ಮದು" ಎಂದಿತು ನಮ್ಮ ಸಭೆ. "ಹಳ್ಳಕ್ಕೆ ತಲೆ ಕೆಟ್ಟರೆ ನಾವೇನು ಮಾಡೋಣ, ಹುಲ್ಲು ನಮ್ಮದೇ" ಎಂದಿತು ಅವರ ಸಭೆ. ನಮ್ಮಲ್ಲಿ ಮೊದಲು ಕೂಗಿದವನು ಅಗೇಮೋನ್, ಏಕೆಂದರೆ ಊರಿನ ಅರ್ಧ ಕುರಿ ಅವನವು. ಎರಡೂ ಕಡೆ ಕೈ ಎತ್ತಿದರು, ಯುದ್ಧ ಎಂದರು. ಜವೆಗೋಧಿ ಕೊಯ್ಲು ಮುಗಿಯಲಿ ಅಂತ ಕಾದರು. ಗಂಡಸರ ಬುದ್ಧಿ ನೋಡಿ, ಕೊಯ್ಲಿಗೆ ಕಾಯುವಷ್ಟು ವಿವೇಕ ಇತ್ತು, ಒಬ್ಬರನ್ನೊಬ್ಬರು ಕೊಲ್ಲದೆ ಇರುವಷ್ಟು ಇರಲಿಲ್ಲ.

ಕೊಯ್ಲು ಮುಗಿದ ಮೇಲೆ ಒಂದು ಬೆಳಗ್ಗೆ ಅದೇ ಹುಲ್ಲುಗಾವಲಿನಲ್ಲಿ ಗುರಾಣಿಗೆ ಗುರಾಣಿ ತಾಗಿಸಿ ನಿಂತರು, ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ನಮ್ಮವರು ಮೂವತ್ತೊಂದು ಜನ ಸತ್ತರು. ಅವರಲ್ಲಿ ನನ್ನ ಗಂಡ ಒಬ್ಬ. ಅವನ ಪಕ್ಕದಲ್ಲಿ ನಿಂತಿದ್ದ ಡಾಮಿಸ್ ಇನ್ನೊಬ್ಬ; ಅವನಿಗೆ ಹತ್ತೊಂಬತ್ತು ವರ್ಷ. ಕೆಲಿಯದವರು ಇನ್ನೂ ಹೆಚ್ಚು ಸತ್ತಿದ್ದರು. ಸಂಜೆ ಅವರ ದೂತ ಬಂದು ಹೆಣಗಳನ್ನು ಕೊಡಿ ಎಂದು ಕೇಳಿದ. ಹೆಣ ಕೇಳಿದವನು ಸೋತ ಹಾಗೆ. ಅದು ನಮ್ಮ ಎಲ್ಲ ಊರುಗಳ ಕಟ್ಟಳೆ. ಹಾಗಾಗಿ ನಾವು ಗೆದ್ದೆವು. ಗೆದ್ದ ಊರಿನಲ್ಲಿ ಆ ದಿನ ಮೂವತ್ತೊಂದು ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಗೆದ್ದವರು ಮಾರನೆಯ ದಿನ ರಣರಂಗದಲ್ಲಿ ಗೆಲುವಿನ ಕಂಬ ನಿಲ್ಲಿಸಬೇಕು. ಒಂದು ಕಂಬ, ಅದಕ್ಕೊಂದು ಅಡ್ಡಪಟ್ಟಿ, ಅದರ ಮೇಲೆ ಶತ್ರುವಿನಿಂದ ಕಿತ್ತ ಶಿರಸ್ತ್ರಾಣ, ಎದೆಕವಚ, ಗುರಾಣಿ. ಕಲ್ಲಿನದು ಆಗುವುದಿಲ್ಲ, ಕಂಚಿನದು ಆಗುವುದಿಲ್ಲ, ಮರದ್ದೇ ಆಗಬೇಕು. ಒಮ್ಮೆ ನಿಂತ ಮೇಲೆ ಅದು ಎಲ್ಲಕ್ಕೂ ದೊಡ್ಡ ದೇವರಾದ ಜ್ಯೂಸನ ಸ್ವತ್ತು. ಯಾರೂ ಬೀಳಿಸುವಂತಿಲ್ಲ, ಯಾರೂ ರಿಪೇರಿ ಮಾಡುವಂತಿಲ್ಲ. ಮಳೆ ಬಿಸಿಲಿಗೆ ಕೊಳೆತು ತಾನಾಗಿಯೇ ಬೀಳಬೇಕು, ಅದರ ಜೊತೆ ಹಗೆಯೂ ಕೊಳೆಯಬೇಕು. ನಮ್ಮ ಹಿಂದಿನವರಿಗೆ ಅಷ್ಟಾದರೂ ಬುದ್ಧಿ ಇತ್ತು. ಅದಕ್ಕೇ ಎಲ್ಲರೂ ಪೈನ್ ಮರದ ಹಸಿ ಕಂಬ ನೆಡುತ್ತಾರೆ, ನಾಲ್ಕೈದು ಚಳಿಗಾಲಕ್ಕೆ ಮುಗಿಯುತ್ತದೆ.

ಕಂಬ ಮಾಡು ಅಂತ ಟೆಲ್ಲಿಯಾಸನಿಗೆ ಹೇಳಿದರು. ಮಗನ ಹೆಣ ತೊಳೆದು ಎಣ್ಣೆ ಹಚ್ಚಿ ಬಂದ ಕೈ ಅದು. ಅವನ ಕೊಟ್ಟಿಗೆಯಲ್ಲಿ ಒಂದು ಓಕ್ ದಿಮ್ಮಿ ಇತ್ತು. ಡಾಮಿಸ್‌ನ ಮದುವೆಯಾದಾಗ ಹೊಸ ಮನೆಯ ಬಾಗಿಲಿಗೆ ಅಂತ ಆರು ವರ್ಷ ಒಣಗಿಸಿ ಇಟ್ಟದ್ದು. ಅದನ್ನೇ ಎಳೆದು ತಂದ. ಹೊರಗಿನ ಬಿಳಿ ಮರವನ್ನೆಲ್ಲ ಕೆತ್ತಿ ಬಿಸಾಕಿ ಒಳಗಿನ ಗಟ್ಟಿ ಚೇಗನ್ನು ಮಾತ್ರ ಉಳಿಸಿದ. ಬುಡವನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿದ. ಅದರ ಮೇಲೆ ಬಿಸಿ ರಾಳ ಬಳಿದ. ದ್ರಾಕ್ಷಿತೋಟದ ಗೂಟಕ್ಕೆ ಮಾಡುವ ಉಪಾಯ ಅದು. ಹುಳ ಮುಟ್ಟುವುದಿಲ್ಲ, ತೇವ ಒಳಗಿಳಿಯುವುದಿಲ್ಲ. ನಾನು ಗೋಡೆಯ ಈಚೆ ನಿಂತು ನೋಡುತ್ತಿದ್ದೆ.

"ಅವರು ಬಾಗಿಲು ತೆಗೆದಾಗೆಲ್ಲ ಇದನ್ನ ನೋಡ್ಬೇಕು ಫನ್ನೊ" ಎಂದ. "ಅವರ ಮಕ್ಳು ನೋಡ್ಬೇಕು. ಮೊಮ್ಮಕ್ಳು ನೋಡ್ಬೇಕು."

"ಹಾಗೇ ಮಾಡಣ್ಣ" ಎಂದೆ. "ಇನ್ನೊಂದು ಕೈ ರಾಳ ಬಳಿ." ಸುಳ್ಳು ಯಾಕೆ ಹೇಳಲಿ, ನನಗೂ ಹೊಟ್ಟೆ ಉರಿಯುತ್ತಿತ್ತು.

ಹತ್ತು ದಿನದ ಮೇಲೆ ಎರಡೂ ಊರಿನವರು ಹಳ್ಳದ ದಂಡೆಯಲ್ಲಿ ಹೋತ ಕಡಿದು ಆಣೆ ಮಾಡಿದರು. ಕಂಬ ತಾನಾಗಿ ಬೀಳುವ ತನಕ ಹುಲ್ಲುಗಾವಲು ಲಿಕೋನೆಯದು, ಬಿದ್ದ ದಿನದಿಂದ ಇಬ್ಬರದೂ. ಬೀಳುವ ತನಕ ಯಾರೂ ಹಳ್ಳ ದಾಟುವಂತಿಲ್ಲ. ಮಾತಿಲ್ಲ, ಮದುವೆಯಿಲ್ಲ, ವ್ಯಾಪಾರವಿಲ್ಲ. ಕಂಬವನ್ನು ಬೀಳಿಸಿದವನನ್ನಾಗಲಿ ಬಿಗಿ ಮಾಡಿದವನನ್ನಾಗಲಿ ಎರಡೂ ಊರು ಹೊರಗೆ ಹಾಕುತ್ತವೆ. ಅವನಿಗೆ ಯಾರೂ ಬೆಂಕಿ ಕೊಡಬಾರದು, ನೀರು ಕೊಡಬಾರದು. "ನಾಲ್ಕೈದು ವರ್ಷ ತಾನೇ, ಅಷ್ಟರಲ್ಲಿ ರಕ್ತ ತಣ್ಣಗಾಗುತ್ತದೆ" ಅಂತ ಹಿರಿಯರು ತಲೆದೂಗಿದರು.

ಆ ಸಂಜೆ ಟೆಲ್ಲಿಯಾಸ್ ತಾನಾಗಿ ಗೋಡೆಯ ಹತ್ತಿರ ಬಂದ. ಬಾಯಲ್ಲಿ ಮೊಳೆ ಇರಲಿಲ್ಲ.

"ಫನ್ನೊ, ಅದು ಐದು ವರ್ಷಕ್ಕೆ ಬೀಳಲ್ಲ."

"ಮತ್ತೆಷ್ಟಕ್ಕೆ ಬೀಳುತ್ತೆ?"

"ನಾನು ಸಾಯೋದ್ರೊಳಗೆ ಬೀಳುತ್ತೋ ಇಲ್ವೋ."

"ಅಯ್ಯೋ ದೇವರೇ, ಹೋಗಿ ಹೇಳಣ್ಣ ಅವರಿಗೆ!"

"ಏನಂತ ಹೇಳ್ಲಿ? ಆಣೆ ಆಗ್ಹೋಯ್ತು."

ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತ. ಹಳ್ಳದಾಚೆ ಕ್ಲೇನೊ ಆಗ ಐದು ತಿಂಗಳ ಬಸುರಿ.

ಪ್ರತಿ ವರ್ಷ ಯುದ್ಧ ನಡೆದ ದಿನ ಎರಡೂ ಊರಿನವರು ಹಳ್ಳದ ತಂತಮ್ಮ ದಂಡೆಗೆ ಬಂದು ಸತ್ತವರ ಸಮಾಧಿಗೆ ಎಣ್ಣೆ, ಜೇನು, ದ್ರಾಕ್ಷಾರಸ ಎರೆಯುತ್ತಿದ್ದೆವು. ಆ ದಿನ ಕೆಲಿಯದ ಹಿರಿಯ ಮುದುಕನೊಬ್ಬನಿಗೆ ಮಾತ್ರ ಹಳ್ಳ ದಾಟಲು ಅಪ್ಪಣೆ. ಅವನೂ ನಮ್ಮ ಜ್ಯೂಸನ ಅರ್ಚಕನೂ ಕಂಬದ ಮೇಲೆ ಅಂಗೈ ಇಟ್ಟು ಅಲ್ಲಾಡುತ್ತದೆಯೇ ಅಂತ ನೋಡುತ್ತಾರೆ. ಅಲ್ಲಾಡುವುದಿಲ್ಲ. ಮುದುಕ ವಾಪಸು ಹೋಗುತ್ತಾನೆ. ಮುಗಿಯಿತು, ಇನ್ನು ಮುಂದಿನ ವರ್ಷ.

ಮೊದಲ ವರ್ಷ ಆಚೆ ದಂಡೆಯಲ್ಲಿ ಕ್ಲೇನೊ ಕಂಡಳು. ಮಾತಾಡುವಂತಿಲ್ಲವಲ್ಲ. ಹೊದಿಕೆಯೊಳಗಿಂದ ಕೂಸನ್ನು ತೆಗೆದು ಎರಡೂ ಕೈಯಿಂದ ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಳು. ಟೆಲ್ಲಿಯಾಸ್ ಕುಂಟಿಕೊಂಡು ನೀರಿನ ಅಂಚಿನವರೆಗೂ ಓಡಿದ. ಪಾದ ನೆನೆಯುವ ಮೊದಲು ನಾನು ತೋಳು ಹಿಡಿದು ನಿಲ್ಲಿಸಿದೆ. ಅವನು ಅತ್ತದ್ದನ್ನು ನಾನು ಕಂಡದ್ದು ಅವತ್ತೇ. ಮಗ ಸತ್ತಾಗಲೂ ಅತ್ತಿರಲಿಲ್ಲ.

ಮುಂದಿನ ವರ್ಷವೂ ಎತ್ತಿದಳು. ಮೂರನೆಯ ವರ್ಷ ಜಡೆ ಕಂಡಿತು, ಹೆಣ್ಣು ಮಗು ಅಂತ ಗೊತ್ತಾಯಿತು. ಐದನೆಯ ವರ್ಷ ಎತ್ತಲಾರದೆ ಗಂಡನ ಹೆಗಲ ಮೇಲೆ ಕೂರಿಸಿದಳು. ಏಳನೆಯ ವರ್ಷದ ಹೊತ್ತಿಗೆ ಟೆಲ್ಲಿಯಾಸನ ಕಣ್ಣಿಗೆ ಪೊರೆ ಬಂದಿತ್ತು. ಅಲ್ಲಿಂದ ನಾನೇ ಅವನ ಕಣ್ಣು. "ಎತ್ತಿದ್ದಾಳಾ ಫನ್ನೊ?" ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ: ಹುಡುಗಿ ಕಲ್ಲಿನ ಮೇಲೆ ನಿಂತಿದೆ, ಕಾಲು ನೇರ ಇದೆ, ನೀಲಿ ಬಟ್ಟೆ, ಕೈಯಲ್ಲಿ ಏನೋ ತಿನ್ನೋದು ಹಿಡಿದಿದೆ, ಈಗ ತಾಯಿಯ ಕೈಲಿ ಬೈಸಿಕೊಳ್ಳುತ್ತಿದೆ.

ಒಂಬತ್ತನೆಯ ವರ್ಷ ಆಚೆ ದಂಡೆಯಲ್ಲಿ ಕ್ಲೇನೊ ಇರಲಿಲ್ಲ. ಹುಡುಗಿಯೂ ಇರಲಿಲ್ಲ. ದಂಡೆಯ ಉದ್ದಕ್ಕೂ ಒಂದೊಂದೇ ಮುಖ ಹುಡುಕಿದೆ.

"ಎತ್ತಿದ್ದಾಳಾ ಫನ್ನೊ?"

"ಎತ್ತಿದ್ದಾಳಣ್ಣ. ಚೆನ್ನಾಗಿದ್ದಾಳೆ."

ಆ ಸುಳ್ಳನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಹತ್ತನೆಯ ವರ್ಷ ಅವಳು ಬಂದಳು, ಒಣಗಿ ಕಡ್ಡಿಯಾಗಿದ್ದಳು, ಆದರೆ ಬಂದಳು. ಹೋದ ಜೀವ ಬಂದ ಹಾಗಾಯಿತು ನನಗೆ. ಅದೇ ವರ್ಷ ಅಂಗೈ ಇಟ್ಟಾಗ ಕಂಬ ಒಂದು ಬೆರಳಿನಷ್ಟು ಅಲ್ಲಾಡಿತು. ಎರಡೂ ದಂಡೆಯಿಂದ "ಓ!" ಅಂತ ಕೂಗು ಎದ್ದಿತು. ಇನ್ನೊಂದು ಚಳಿಗಾಲ ಬಿದ್ದರೆ ಆಯಿತು, ಹೋಯಿತು ಕಂಬ!

ಆ ಚಳಿಗಾಲ ಟೆಲ್ಲಿಯಾಸ್ ತಡವಿ ತಡವಿ ಒಂದು ಪುಟ್ಟ ಪೀಠ ಮಾಡಿದ. "ಇದೇನಣ್ಣ?" ಎಂದೆ.

"ಮೊಮ್ಮಗಳು ಬಂದ್ರೆ ಕೂರೋದಕ್ಕೆ."

"ಅವಳಿಗೀಗ ಹತ್ತು ವರ್ಷ ಕಣೋ ಮಾರಾಯ! ಇದರ ಮೇಲೆ ಅವಳ ಒಂದು ತೊಡೆನೂ ಹಿಡಿಯಲ್ಲ."

ಪೀಠವನ್ನು ತಿರುಗಿಸಿ ಮುರುಗಿಸಿ ನೋಡಿದ. "ನನ್ನ ಕಣ್ಣಿಗೆ ಸರಿಯಾಗಿ ಕಂಡಾಗ ಇಷ್ಟೇ ಇದ್ಲು" ಎಂದ. ಆಮೇಲೆ ಮೆಲ್ಲಗೆ ಹೇಳಿದ: "ಬಲಗಣ್ಣು ಹೋಯ್ತು. ಎಡದ್ದು ಮುಂದಿನ ಬೇಸಿಗೆ ದಾಟಲ್ಲ ಅಂತಾರೆ. ಪೂರ್ತಿ ಕತ್ತಲಾಗೋದ್ರೊಳಗೆ ಒಂದ್ಸಲ ಅವರ ಮುಖ ಹತ್ರದಿಂದ ನೋಡ್ಬೇಕು ಫನ್ನೊ. ಇನ್ನೇನೂ ಬೇಡ ನಂಗೆ."

ಆ ಪೀಠವನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಹೊಟ್ಟು ಒರೆಸಿದೆ.

ಹನ್ನೊಂದನೆಯ ವರ್ಷ ಊರಿಗೆ ಊರೇ ಹಬ್ಬದ ಹಾಗೆ ಹೊರಟಿತು. ಕಂಬದ ಮೇಲಿನ ಗುರಾಣಿ ಎಂದೋ ಉದುರಿತ್ತು. ಶಿರಸ್ತ್ರಾಣದೊಳಗೆ ಗುಬ್ಬಿಗಳು ಗೂಡು ಕಟ್ಟಿ ಬಿಟ್ಟು ಹೋಗಿದ್ದವು. ಆಚೆ ದಂಡೆಯಲ್ಲಿ ಕ್ಲೇನೊ, ಅವಳ ಪಕ್ಕದಲ್ಲಿ ಭುಜದವರೆಗೆ ಬೆಳೆದ ಹುಡುಗಿ. ನಾನು ಟೆಲ್ಲಿಯಾಸನಿಗೆ ಎಲ್ಲವನ್ನೂ ಹೇಳುತ್ತಲೇ ಇದ್ದೆ. ಕೆಲಿಯದ ಮುದುಕ ಹಳ್ಳ ದಾಟಿ ಬಂದ. ಅವನೂ ಅರ್ಚಕನೂ ಕಂಬಕ್ಕೆ ಅಂಗೈ ಇಟ್ಟರು.

ಕಂಬ ಬಂಡೆಯ ಹಾಗೆ ನಿಂತಿತ್ತು. ಕೂದಲೆಳೆಯಷ್ಟೂ ಅಲುಗಲಿಲ್ಲ.

ಮುದುಕ ಹುಬ್ಬು ಗಂಟು ಹಾಕಿ ಕಾಲಿನಿಂದ ಬುಡದ ಮಣ್ಣು ಕೆರೆದ. ಮಣ್ಣಿನ ಕೆಳಗೆ ಕಲ್ಲು. ಕಂಬದ ಸುತ್ತಲೂ ಕಲ್ಲು ತುರುಕಿ ಮಣ್ಣು ಮುಚ್ಚಿದ್ದರು. "ಬಿಗಿ ಮಾಡಿದ್ದಾರೆ!" ಎಂದು ಅವನು ತನ್ನ ದಂಡೆಗೆ ಕೂಗಿದ. "ಲಿಕೋನೆಯವರು ಆಣೆ ಮುರಿದಿದ್ದಾರೆ!"

ಆಚೆ ಗಂಡಸರು ಎದ್ದು ನಿಂತರು. ಈಚೆಯೂ ನಿಂತರು. ಹನ್ನೊಂದು ವರ್ಷದ ಹಿಂದೆ ಮಣ್ಣಲ್ಲಿ ಆಡುತ್ತಿದ್ದ ಹುಡುಗರು ಇಂದು ಈಟಿ ಹಿಡಿಯುವ ವಯಸ್ಸಿನವರು. ಅಷ್ಟರಲ್ಲಿ ಅಗೇಮೋನ್ ಮುಂದೆ ಬಂದ.

"ಊರನ್ನೆಲ್ಲ ಯಾಕೆ ಬೈತೀರಿ? ಕಂಬ ಬಿಗಿ ಮಾಡೋ ವಿದ್ಯೆ ಈ ಊರಲ್ಲಿ ಯಾರಿಗೆ ಗೊತ್ತು? ಮಗನ್ನ ಕಳ್ಕೊಂಡ ಸಿಟ್ಟು ಯಾರಿಗಿದೆ? ಬಡಗಿನ ಕೇಳಿ."

ಎಲ್ಲರೂ ಟೆಲ್ಲಿಯಾಸನ ಕಡೆ ತಿರುಗಿದರು. ತಪ್ಪು ಹೊರಿಸಿದರೆ ಅವನನ್ನು ಗಡಿಯಾಚೆ ಅಟ್ಟುತ್ತಾರೆ. ಎಡಗಣ್ಣಿನಲ್ಲಿ ಒಂದು ಬೇಸಿಗೆಯಷ್ಟು ಬೆಳಕು ಉಳಿದ ಮುದುಕ, ಬೆಂಕಿಯಿಲ್ಲದೆ, ನೀರಿಲ್ಲದೆ. ಮಗಳ ಮುಖ ಇರಲಿ, ಅವಳ ಊರಿನ ಹೊಗೆಯೂ ಕಾಣುವುದಿಲ್ಲ. "ಟೆಲ್ಲಿಯಾಸ್, ಉತ್ತರ ಹೇಳು" ಎಂದ ಅರ್ಚಕ.

ಅವನು ಕುಂಟಿಕೊಂಡು ಹೋಗಿ ಕಂಬದ ಬುಡದಲ್ಲಿ ಕೂತು ಕಲ್ಲುಗಳನ್ನು ಬೆರಳಿನಿಂದ ತಡವಿದ. ಎದ್ದಾಗ ಅವನ ಮುಖ ಕೆಂಪಗಾಗಿತ್ತು.

"ಇದು ನನ್ನ ಕೆಲಸ ಅಂತೀರಾ?" ಎಂದ. "ದುಂಡುಗಲ್ಲು! ಕಂಬಕ್ಕೆ ಯಾವನಾದ್ರೂ ದುಂಡುಗಲ್ಲು ತುರುಕ್ತಾನಾ? ಚಪ್ಪಟೆ ಕಲ್ಲು ಬೆಣೆ ಹಾಗೆ ಹೊಡೀಬೇಕು, ಜೇಡಿಮಣ್ಣು ಹಾಕಿ ಕುಟ್ಟಿ ದಮ್ಮಸ್ ಮಾಡ್ಬೇಕು. ಜನ್ಮದಲ್ಲಿ ಒಂದು ಗೂಟ ನೆಟ್ಟಿಲ್ದೇ ಇರೋ ಕೈ ಇದು. ನನ್ನನ್ನ ಊರು ಬಿಟ್ಟು ಓಡ್ಸಿ ಬೇಕಾದ್ರೆ. ಈ ಕೆಲಸ ನಂದು ಅಂತ ಮಾತ್ರ ಹೇಳ್ಬೇಡಿ."

ಯಾರೋ ಕಿಸಕ್ಕೆಂದರು. ಅವನು ನಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಸಭೆಯ ಮುಂದೆ ನಿಂತಿದ್ದಾನೆ, ನಿಂತವನು ಕೂರಲಿಲ್ಲ.

"ನನ್ನ ತಪ್ಪು ಬೇರೆ ಇದೆ. ಅದನ್ನೂ ಕೇಳಿ. ಇದು ಐದು ವರ್ಷಕ್ಕೆ ಬೀಳುತ್ತೆ ಅಂತ ನೀವು ಆಣೆ ಇಟ್ರಿ. ಬೀಳಲ್ಲ ಅಂತ ನಂಗೆ ಗೊತ್ತಿತ್ತು. ಚೇಗಿನ ಓಕ್ ಇದು. ಬುಡ ಸುಟ್ಟು, ರಾಳ ಬಳಿದು ನೆಟ್ಟೆ. ಸಿಟ್ಟಲ್ಲಿ ಮಾಡ್ದೆ. ಸಿಟ್ಟು ಎರಡು ವರ್ಷಕ್ಕೆ ಹೋಯ್ತು, ಕಂಬ ಹೋಗ್ಲಿಲ್ಲ. ಹೇಳೋಕೆ ನಾಚಿಕೆ ಆಯ್ತು, ಬಾಯಿ ಮುಚ್ಕೊಂಡೆ. ಇದು ಬೀಳ್ಲಿ ಅಂತ ನಾನು ಕಾದಷ್ಟು ಯಾರೂ ಕಾದಿಲ್ಲ."

ಕೆಲಿಯದ ಮುದುಕ ಅಷ್ಟನ್ನೂ ತನ್ನವರಿಗೆ ಕೂಗಿ ಕೂಗಿ ಹೇಳಿದ. ಆಚೆ ಕ್ಲೇನೊ ಬಾಯಿಗೆ ಕೈ ಅಡ್ಡ ಹಿಡಿದು ನಿಂತದ್ದು ನನಗೆ ಕಂಡಿತು.

ಅಗೇಮೋನ್ ಬಿಡಬೇಕಲ್ಲ! "ಅತ್ತು ಕರೆದ್ರೆ ಆಯ್ತಾ? ಹಾಗಾದ್ರೆ ಈ ಕಲ್ಲು ಎಲ್ಲಿಂದ ಬಂತು?" ಎಂದ.

ಆ ಮಾತು ಬಂದದ್ದೇ ನಾನು ಜನರ ನಡುವೆ ನುಗ್ಗಿದೆ. ಹೆಂಗಸು ಆ ಜಾಗದಲ್ಲಿ ಮಾತಾಡಬಾರದಂತೆ. ಇರಲಿ. ಒಂದು ಕಲ್ಲು ಎತ್ತಿ ಉಗುಳು ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದೆ. ಬೆರಳು ಕೆಂಪಾಯಿತು.

"ಕೆಮ್ಮಣ್ಣು!" ಎಂದು ಕೂಗಿದೆ. "ಊರಲ್ಲಿ ಟಗರಿನ ಬೆನ್ನಿಗೆ ಕೆಮ್ಮಣ್ಣು ಬಳಿಯೋದು ಯಾರು? ಟಗರು ಉಜ್ಜಿ ಉಜ್ಜಿ ಯಾರ ಕುರಿದೊಡ್ಡಿ ಗೋಡೆ ಕೆಂಪಗಿದೆ? ಹೇಳೋ ಅಗೇಮೋನ್, ಪುಕ್ಕಟೆ ಹುಲ್ಲು ನಿಂತ್ಹೋಗುತ್ತೆ ಅಂತ ನಿನ್ನ ದೊಡ್ಡಿ ಕಲ್ಲೇ ಕಿತ್ತು ತಂದ್ಯಾ? ಹಳ್ಳದಲ್ಲಿ ಕಲ್ಲಿಗೆ ಬರ ಬಂದಿತ್ತಾ ಸೋಮಾರಿ?"

ಅಗೇಮೋನ್ ಬಾಯಿ ತೆರೆದ, ಮುಚ್ಚಿದ, ಮುಖ ಹುಳ್ಳಗೆ ಮಾಡಿಕೊಂಡ. ಅದೇ ಉತ್ತರವಾಯಿತು. ಅವನ ಗತಿ ಏನು ಅಂತ ಆಮೇಲೆ ಎರಡೂ ಊರು ಕೂತು ತೀರ್ಮಾನಿಸಲಿ, ಮೊದಲು ಕಲ್ಲು ತೆಗೆಯೋಣ ಎಂದ ಅರ್ಚಕ. ಅವನೂ ಮುದುಕನೂ ಮೊಣಕಾಲೂರಿ ಒಂದೊಂದೇ ಕಲ್ಲನ್ನು ಕೈಯಿಂದ ಎತ್ತಿಟ್ಟರು.

ಕೊನೆಯ ಕಲ್ಲು ಬಂತು. ಕಂಬ ಕೆಲಿಯದ ಕಡೆ ಒಂದು ಗೇಣು ವಾಲಿತು. ವಾಲಿ ನಿಂತಿತು.

"ವಾಲಿದ್ರೆ ಬಿದ್ದಂಗಲ್ಲ" ಎಂದ ಅಗೇಮೋನ್. ನಾಚಿಕೆ ಅನ್ನುವುದು ಇದ್ದರೆ ತಾನೇ! ಆದರೆ ಮಾತು ಸರಿ ಇತ್ತು. ಯಾರೂ ಮುಟ್ಟುವ ಹಾಗಿಲ್ಲ. ಏನು ಮಾಡುವುದು? ಕೂತೆವು. ಅವರು ಆಚೆ, ನಾವು ಈಚೆ. ಜವೆಗೋಧಿ ರೊಟ್ಟಿ, ಈರುಳ್ಳಿ, ಆಲಿವ್ ಬಿಚ್ಚಿದೆವು, ತಿಂದೆವು. ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಗಾಳಿ ಸುಳಿಯಲಿಲ್ಲ. "ವಾಲಿದೆಯಾ ಇನ್ನೂ?" ಅಂತ ಟೆಲ್ಲಿಯಾಸ್ ಕೇಳುವುದು, "ಅಷ್ಟೇ ಇದೆ" ಅಂತ ನಾನು ಹೇಳುವುದು.

ಆಗ ಬಂತು ನೋಡಿ, ಅಗೇಮೋನ್‌ನ ದೊಡ್ಡ ಟಗರು. ಬೆನ್ನ ಮೇಲೆ ಕೆಮ್ಮಣ್ಣಿನ ಪಟ್ಟೆ. ಹನ್ನೊಂದು ವರ್ಷ ಅಲ್ಲೇ ಮೇಯ್ದ ಹಿಂಡಿನದು, ಬೆನ್ನು ತುರಿಸಿದರೆ ಆ ಕಂಬಕ್ಕೇ ಉಜ್ಜಿಕೊಂಡು ರೂಢಿ ಅದಕ್ಕೆ. ಜನರನ್ನು ಕಂಡು ಅದೇನೂ ಹೆದರಲಿಲ್ಲ. ಸೀದಾ ಕಂಬದ ಹತ್ತಿರ ಬಂದು ಪಕ್ಕೆ ಒರಗಿಸಿತು.

"ಹೋಯ್! ಹಾಯ್!" ಎಂದು ಅಗೇಮೋನ್ ಎದ್ದ.

"ಕೂತ್ಕೋ!" ಎಂದು ಅರ್ಚಕ ಗುಡುಗಿದ. "ಟಗರು ಓಡಿಸಿದ್ರೆ ಕಂಬ ಬಿಗಿ ಮಾಡಿದ ಹಾಗೇ ಲೆಕ್ಕ. ಈಗಾಗ್ಲೇ ಒಂದು ಸಲ ಮಾಡಿದ್ದೀಯ."

ಟಗರು ಒಂದು ಸಲ ಉಜ್ಜಿತು. ಕಂಬ ಕಿರ್ರೆಂದಿತು. ಇನ್ನೊಂದು ಸಲ ಉಜ್ಜಿತು. ಆಮೇಲೆ ಏನನ್ನಿಸಿತೋ, ನಾಲ್ಕು ಹೆಜ್ಜೆ ಆಚೆ ಹೋಗಿ ಹುಲ್ಲು ಮೇಯತೊಡಗಿತು. "ಅಯ್ಯೋ ನಿನ್ನ!" ಅಂತ ನನ್ನ ಬಾಯಿಂದ ಬಂದೇ ಬಿಟ್ಟಿತು. ಟೆಲ್ಲಿಯಾಸ್ ನನ್ನ ಮಣಿಕಟ್ಟು ಹಿಡಿದುಕೊಂಡ. ಬಡಗಿಯ ಹಿಡಿತ ಅದು, ಗುರುತು ಮೂರು ದಿನ ಇತ್ತು.

ಟಗರು ತಲೆ ಎತ್ತಿತು, ತಿರುಗಿ ಬಂತು, ಈ ಸಲ ಇನ್ನೊಂದು ಪಕ್ಕೆ. ಒರಗಿತು, ಜೋರಾಗಿ ಒಮ್ಮೆ ಉಜ್ಜಿತು. ಮಣ್ಣಿನ ಮಟ್ಟದಲ್ಲಿ ಲಟ್ಟೆಂದು ಸದ್ದಾಯಿತು. ಕಂಬ ಹಳ್ಳದ ಕಡೆಗೆ ಉದ್ದಕ್ಕೂ ಬಿದ್ದಿತು. ಶಿರಸ್ತ್ರಾಣ ಉರುಳಿ, ಗುಬ್ಬಿಗೂಡಿನ ಹುಲ್ಲು ಚೆಲ್ಲಿಕೊಂಡು, ನೀರಿನ ಅಂಚಿನಲ್ಲಿ ನಿಂತಿತು. ಟಗರು ಬೆಚ್ಚಿ ಓಡಿಹೋಯಿತು.

ಕೆಲಿಯದ ಮುದುಕ ಗಂಭೀರವಾಗಿ ಕೇಳಿದ: "ಬೀಳಿಸಿದ್ದು ಯಾರು?"

"ಟಗರು" ಎಂದ ಅರ್ಚಕ.

"ಅದು ನಮ್ಮ ಜೊತೆ ಆಣೆ ಮಾಡಿತ್ತಾ?"

"ಇಲ್ಲ."

"ಹಾಗಾದ್ರೆ ಕಂಬ ತಾನಾಗೇ ಬಿತ್ತು" ಎಂದ ಮುದುಕ, ಎಂದವನು ಅಲ್ಲೇ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಹಳ್ಳ ದಾಟಿತು. ಉಸ್ಸಪ್ಪಾ! ಹನ್ನೊಂದು ವರ್ಷದ ಭಾರ ಎದೆಯಿಂದ ಇಳಿಯಿತು. ಗಂಡಸರು ಒಬ್ಬರ ಬೆನ್ನು ಒಬ್ಬರು ಗುದ್ದುತ್ತಿದ್ದರು, ಹೆಂಗಸರು ನಗುತ್ತಾ ಅಳುತ್ತಿದ್ದರು.

ಆದರೂ ನೀರಿಗೆ ಕಾಲಿಡಲು ಯಾರಿಗೂ ಧೈರ್ಯ ಬರಲಿಲ್ಲ. ಹನ್ನೊಂದು ವರ್ಷ ಬೇಡ ಬೇಡ ಎಂದು ಕಲಿಸಿದ ಕಾಲು. ಮೊದಲು ಇಳಿದವಳು ಕ್ಲೇನೊ. ಬಟ್ಟೆ ಮೊಣಕಾಲಿನವರೆಗೆ ಎತ್ತಿಕೊಂಡು, ಮಗಳ ಕೈ ಹಿಡಿದು, ದಡದಡ ಬಂದಳು. ಅಪ್ಪನ ಮುಂದೆ ನಿಂತಳು.

"ಅಪ್ಪಾ" ಎಂದಳು. "ಒಂದು ಕಂಬ ಅಂದ್ರೆ ಇಷ್ಟು ಗಟ್ಟಿಯಾಗಿ ಮಾಡ್ತಾರಾ?"

"ತಪ್ಪಾಯ್ತು ಮಗಳೇ."

ಅವಳು ಅವನ ಎದೆಗೆ ಎರಡು ಗುದ್ದು ಗುದ್ದಿ ಅಲ್ಲೇ ಮುಖ ಹುದುಗಿಸಿದಳು. ಅವನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮರ ಆರಿಸುವವನ ಹಾಗೆ ಬೆಳಕಿನ ಕಡೆ ತಿರುಗಿಸಿ, ಎಡಗಣ್ಣನ್ನು ತೀರಾ ಹತ್ತಿರ ತಂದು ನೋಡಿದ. ತುಂಬ ಹೊತ್ತು ನೋಡಿದ.

"ಆಚೆ ವರ್ಷ ಜ್ವರ ಬಂದು ಮಲಗಿದ್ದೆ ಅಪ್ಪ" ಎಂದಳು ಅಳುತ್ತಾ. "ಬರೋಕಾಗ್ಲಿಲ್ಲ. ನೀನು ಎಷ್ಟು ಹೆದರಿದ್ಯೋ ಏನೋ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟೆಲ್ಲಿಯಾಸ್ ನನ್ನ ಕಡೆ ತಿರುಗಲೂ ಇಲ್ಲ.

"ಗೊತ್ತಿತ್ತು. ಆವತ್ತು ಫನ್ನೊ ಎರಡೇ ಮಾತಾಡಿದ್ಲು. ನಿಜ ಹೇಳೋವಾಗ ಇವಳು ನಿಲ್ಸೋದೇ ಇಲ್ಲ."

ಒಂದು ವರ್ಷ ನಾನೊಬ್ಬಳೇ ಹೊತ್ತೆ ಅಂದುಕೊಂಡಿದ್ದೆ. ಅವನೂ ಗೋಡೆಯಾಚೆ ಅದನ್ನೇ ಹೊತ್ತು ಕೂತಿದ್ದ, ನನಗೆ ನೋವಾಗಬಾರದು ಅಂತ ಬಾಯಿ ಬಿಟ್ಟಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡೆ.

ಹುಡುಗಿ ತಾಯಿಯ ಹಿಂದೆ ಮುದುಡಿ ನಿಂತಿತ್ತು. ಪಾದ ಇನ್ನೂ ಒದ್ದೆ. ಕ್ಲೇನೊ ಅದನ್ನು ಮುಂದಕ್ಕೆ ತಂದಳು. ಟೆಲ್ಲಿಯಾಸ್ ಕುಂಟುಗಾಲು ಮಡಿಸಿ, ಬಿದ್ದ ಕಂಬದ ಮೇಲೇ ಕೂತ. ನನಗೆ ಅಭ್ಯಾಸಬಲ, ಬಾಯಿ ತಾನಾಗಿ ಶುರುವಾಯಿತು: "ಎತ್ತರ ಇದ್ದಾಳಣ್ಣ, ಗಲ್ಲದ ಮೇಲೆ ಒಂದು ಮಚ್ಚೆ, ಮೂಗು ನಿಂದೇ, ಕೂದ್ಲು..."

ಅವನು ಕೈ ಎತ್ತಿದ.

"ಸುಮ್ನಿರು ಫನ್ನೊ" ಎಂದ. "ಈ ಸಲ ನಾನೇ ನೋಡ್ತೀನಿ."